ನಾನು ಟಿಕೆಟ್ ತೆಗೆಸಿದರೆ ವಿಮಾನ ನಿಲ್ಲುತ್ತದೆ

ಬೀದರಿನಲ್ಲಿ ವಿಮಾನದ ಸದ್ದು ಕೇಳಿ ದೊಡ್ಡವರು ಯಾರೂ ತಲೆ ಎತ್ತುವುದಿಲ್ಲ. ಎತ್ತಿದರೆ ಅವರು ಹೊರಗಿನಿಂದ ಬಂದವರು ಅಂತಲೇ ಲೆಕ್ಕ. ಇಲ್ಲಿ ವಾಯುಪಡೆಯ ತರಬೇತಿ ಕೇಂದ್ರ ಇದೆ. ಹುಡುಗರು ವಿಮಾನ ಓಡಿಸಲು ಕಲಿಯುವುದು ನಮ್ಮ ತಲೆಯ ಮೇಲೆಯೇ. ಬೇರೆ ಊರುಗಳಲ್ಲಿ ಡ್ರೈವಿಂಗ್ ಸ್ಕೂಲಿನ ಕಾರು ‘ಎಲ್’ ಬೋರ್ಡ್ ಅಂಟಿಸಿಕೊಂಡು ಓಣಿ ಓಣಿ ತಿರುಗುತ್ತದಲ್ಲ, ನಮ್ಮಲ್ಲಿ ಜೆಟ್ ಹಾಗೆ ತಿರುಗುತ್ತದೆ.

ಆಕಾಶದಲ್ಲಿ ಕಸರತ್ತು ಮಾಡುವ ವಾಯುಪಡೆಯ ಸೂರ್ಯಕಿರಣ್ ತಂಡ ಹುಟ್ಟಿದ್ದೂ ನಮ್ಮೂರಲ್ಲೇ, 1996ರಲ್ಲಿ. ಆಗ ನಾನು ಐದನೇ ಕ್ಲಾಸು. ವಿಮಾನಗಳು ಸಾಲಾಗಿ ಹೋದರೆ ನಮ್ಮ ಲೆಕ್ಕದ ಸರ್ ಮಾತು ನಿಲ್ಲಿಸಿ, ಚಾಕ್‌ಪೀಸ್ ಮೇಲೆತ್ತಿ ಹಿಡಿದು, ಸದ್ದು ಇಳಿಯುವ ತನಕ ಗೊಂಬೆಯ ಹಾಗೆ ನಿಲ್ಲುತ್ತಿದ್ದರು. ಸದ್ದು ಇಳಿಯುವಷ್ಟರಲ್ಲಿ ಹೇಳುತ್ತಿದ್ದುದು ಏನು ಅಂತ ಅವರಿಗೂ ಮರೆತಿರುತ್ತಿತ್ತು, ನಮಗೂ. ನನಗೆ ಲೆಕ್ಕದಲ್ಲಿ 35 ಬಂದಾಗ ಇದನ್ನೇ ಅಪ್ಪನ ಮುಂದೆ ಹೇಳಿದೆ. ‘ಪಕ್ಕದ ಮನಿ ಹುಡುಗ ಕಿವುಡೇನು? ಅವಗ 90 ಬಂದಾವ’ ಅಂದರು.

ಇಷ್ಟೆಲ್ಲ ವಿಮಾನ ಇದ್ದರೂ ನಾವು ಕೂರುವಂಥದ್ದು ಒಂದೂ ಇರಲಿಲ್ಲ. ಮದುವೆ ಮನೆಯ ಪಕ್ಕದಲ್ಲಿ ವಾಸ ಮಾಡಿದ ಹಾಗೆ. ಹೋಳಿಗೆಯ ವಾಸನೆ ನಮಗೆ, ಹೋಳಿಗೆ ಬೇರೆಯವರಿಗೆ. ಬೆಂಗಳೂರಿಗೆ ಹೋಗಬೇಕೆಂದರೆ ರಾತ್ರಿಯೆಲ್ಲ ರೈಲು ಅಥವಾ ಬಸ್ಸು. ಸುಮಾರು 700 ಕಿಲೋಮೀಟರ್. ಸ್ಲೀಪರ್ ಬಸ್ಸಿನ ಮೇಲಿನ ಬರ್ತಿನಲ್ಲಿ ಮಲಗಿ ಹೋದವರಿಗೆ ಗೊತ್ತು, ದೇವರ ಹೆಸರು ಎಷ್ಟು ಇವೆ ಅಂತ.

ನಮ್ಮಲ್ಲಿ ಟರ್ಮಿನಲ್ ಕಟ್ಟಡ ಇರಲಿಲ್ಲ ಅಂತಲ್ಲ. ಇತ್ತು. ಎದ್ದು ನಿಂತು, ವರ್ಷಗಟ್ಟಲೆ ಬೀಗ ಹಾಕಿಕೊಂಡು ಕೂತಿತ್ತು. ಹೈದರಾಬಾದಿನ ಶಂಷಾಬಾದ್ ನಿಲ್ದಾಣ 2008ರಲ್ಲಿ ಶುರುವಾಯಿತಲ್ಲ, ಅದರ ಕರಾರಿನಲ್ಲಿ ಒಂದು ಸಾಲಿತ್ತು: 150 ಕಿಲೋಮೀಟರ್ ಒಳಗೆ ಇನ್ನೊಂದು ನಾಗರಿಕ ವಿಮಾನ ನಿಲ್ದಾಣ ಬರಬಾರದು. ನಾವು ಆ ಗೆರೆಯ ಒಳಗೇ ಬಿದ್ದೆವು. ಕೋಟೆ ಕಟ್ಟಿದ ಬಹಮನಿ ಸುಲ್ತಾನರು ರಾಜಧಾನಿಯನ್ನು ಇನ್ನೊಂದು ಚೂರು ಪಶ್ಚಿಮಕ್ಕೆ ಸರಿಸಿದ್ದರೆ ಏನು ಗಂಟು ಹೋಗುತ್ತಿತ್ತೋ.

ಇದರ ಮೇಲೆ ಕಲಬುರಗಿಯ ನಮ್ಮ ಸೋದರಮಾವ. ಅವರ ಊರಿನ ನಿಲ್ದಾಣಕ್ಕೆ 2008ರಲ್ಲಿ ಅಡಿಗಲ್ಲು ಬಿದ್ದು, 2019ರ ನವೆಂಬರ್ 22ಕ್ಕೆ ವಿಮಾನ ಬಂತು. ಹನ್ನೊಂದು ವರ್ಷ ಹಿಡಿಯಿತು ಅನ್ನುವುದನ್ನು ಮಾಮಾ ಹೇಳುವುದಿಲ್ಲ. ‘ನಮ್ಮ ರನ್‌ವೇ ಮೂರು ಕಿಲೋಮೀಟರ್ ಮ್ಯಾಲ ಅದ’ ಅಂತ ಮಾತ್ರ ಫೋನು ಮಾಡಿದಾಗಲೆಲ್ಲ ಹೇಳುತ್ತಾರೆ, ತಾವೇ ಅಳೆದು ಬಂದವರ ಹಾಗೆ. ನಮ್ಮ ಅವ್ವ ಅವರ ಅಕ್ಕ. ‘ನಿನಗ ಸಂತಿಗಿ ಹೋಗ್ಲಿಕ್ಕೇ ಮೂರು ಕಿಲೋಮೀಟರ್ ನಡೀಲಿಕ್ಕ ಆಗಲ್ಲ, ರನ್‌ವೇ ತಗೊಂಡು ಏನ್ ಮಾಡ್ತಿ?’ ಅಂದು ಫೋನ್ ಇಟ್ಟಳು. ಇಟ್ಟ ಮೇಲೆ ನನಗೆ ಹೇಳಿದಳು: ‘ನಾನೂ ಒಮ್ಮಿ ಕೂಡಬೇಕು ನೋಡು. ಮ್ಯಾಲಿಂದ ನಮ್ಮ ಮನಿ ಹ್ಯಾಂಗ ಕಾಣ್ತದ ನೋಡಬೇಕು.’

ಅಲ್ಲಿಂದ ನನ್ನ ಕತೆ ಶುರು.

ಎರಡೂವರೆ ತಿಂಗಳಲ್ಲಿ ನಮ್ಮ ಸರದಿಯೂ ಬಂತು. 2020ರ ಫೆಬ್ರವರಿ 7. ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರೇ ಬಂದು ಉದ್ಘಾಟಿಸಿದರು. ಟ್ರೂಜೆಟ್‌ನ ಎಟಿಆರ್ ವಿಮಾನ, ಎರಡೂ ಪಕ್ಕ ಫ್ಯಾನು ತಿರುಗುವಂಥದ್ದು. ಜನ ಗುಂಪುಗುಂಪಾಗಿ ನೋಡಲು ಹೋದರು. ನಾನು ಅವಸರ ಮಾಡಲಿಲ್ಲ. ಹೊಸ ಹೋಟೆಲಿಗೆ ಮೊದಲ ವಾರ ಹೋಗಬಾರದು ಅನ್ನುವುದು ನನ್ನ ಸಿದ್ಧಾಂತ. ಗದ್ದಲ ಇಳಿಯಲಿ ಅಂತ ಕಾದು, ಯುಗಾದಿ ಮುಗಿಸಿ ಹೋಗೋಣ ಅಂತ ಮಾರ್ಚ್ 27ಕ್ಕೆ ಎರಡು ಟಿಕೆಟ್ ತೆಗೆಸಿದೆ.

ಮಾರ್ಚ್ 25ರಿಂದ ದೇಶದ ವಿಮಾನಗಳೆಲ್ಲ ನಿಂತವು. ನಮ್ಮೂರಿಗೆ ವಿಮಾನ ಬಂದು ಏಳು ವಾರವೂ ಆಗಿರಲಿಲ್ಲ.

ಓಣಿಯವರು ಇದನ್ನು ನನ್ನ ಲೆಕ್ಕಕ್ಕೇ ಬರೆದರು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹಾಲು ತರಲು ಹೋದರೆ ಎದುರು ಮನೆಯ ಕಾಕಾ ಆರಡಿ ದೂರದಿಂದ ಕೂಗಿ ಹೇಳುತ್ತಿದ್ದರು: ‘ನೀ ಟಿಕೆಟ್ ತೆಗೆಸಿದಿ, ಚೀನಾದಿಂದ ರೋಗ ಬಂತು.’

ಆಮೇಲೆ ವಿಮಾನ ಬಂತು, ಹೋಯಿತು, ಬಂತು. ನಂತರ ಆ ಕಂಪನಿಯ ಸೇವೆಯೇ ನಿಂತಿತು. 2022ರ ಜೂನ್‌ನಲ್ಲಿ ಸ್ಟಾರ್ ಏರ್ ಕಂಪನಿಯ ವಿಮಾನ ಶುರುವಾಯಿತು. ಈ ಸಲ ನಾನು ಬುದ್ಧಿವಂತನಾಗಿದ್ದೆ. ಟಿಕೆಟ್ ತೆಗೆಸಲೇ ಇಲ್ಲ! ಸೇವೆ ಗಟ್ಟಿಯಾಗಿ ಬೇರು ಬಿಡಲಿ ಅಂತ ಸುಮ್ನೆ ಇದ್ದೆ. ಆಮೇಲೆ ಅವ್ವನ ಮೊಣಕಾಲು. ಮೊಣಕಾಲು ಸರಿಹೋಗುವಷ್ಟರಲ್ಲಿ 2023ರ ಅಧಿಕ ಶ್ರಾವಣ. ಅಧಿಕ ಮಾಸದಲ್ಲಿ ಹೊಸ ವಾಹನ ಹತ್ತಬಾರದಂತೆ. ‘ನಾವು ಕೊಂಡುಕೊಳ್ಳಲಿಕ್ಕೆ ಹೊಂಟಿಲ್ಲ ಅವ್ವ, ಕೂಡಲಿಕ್ಕೆ’ ಅಂದರೂ ಕೇಳಲಿಲ್ಲ. ಆಮೇಲೆ ಪಿತೃಪಕ್ಷ. ಆಮೇಲೆ ತೊಗರಿ ರಾಶಿ. ಕೊನೆಗೆ ಸಂಕ್ರಾಂತಿಯ ಮರುದಿನ, ಎಳ್ಳು ಬೆಲ್ಲ ತಿಂದ ಬಾಯಲ್ಲೇ ಮೊಬೈಲ್ ಹಿಡಿದು ಕೂತೆ. ಬೀದರ್ ಅಂತ ಒತ್ತಿದೆ. ವಿಮಾನ ಇಲ್ಲ. ತಾರೀಕು ಬದಲಿಸಿದೆ. ಇಲ್ಲ. ಡಿಸೆಂಬರ್ ಕೊನೆಗೇ ನಿಂತು ಹೋಗಿತ್ತು. ನಾನು ಟಿಕೆಟ್ ತೆಗೆಸುವ ಯೋಚನೆ ಮಾಡಿದರೂ ಸಾಕು, ನಿಲ್ಲುತ್ತದೆ ಅಂತ ಆಗ ಗೊತ್ತಾಯಿತು.

ನಮ್ಮೂರಿನಂಥ ಊರುಗಳಿಗೆ ವಿಮಾನ ತರುವ ಸರ್ಕಾರದ ಉಡಾನ್ ಯೋಜನೆ ಬಗ್ಗೆ ಎದುರು ಮನೆಯ ಕಾಕಾನಿಗೆ ಎಲ್ಲ ಗೊತ್ತು. ಪೇಪರ್ ಪೂರ್ತಿ ಓದುವ ಜಾತಿ. ಅರ್ಧ ಸೀಟುಗಳಿಗೆ ದರದ ಮಿತಿ, ಅದರಿಂದ ಕಂಪನಿಗೆ ಆಗುವ ನಷ್ಟವನ್ನು ತುಂಬಿಕೊಡುವುದು ಮೂರು ವರ್ಷ, ಆಮೇಲೆ ನಿಮ್ಮ ಕಾಲ ಮೇಲೆ ನೀವು ನಿಲ್ಲಿ ಅಂತ. ಇದನ್ನು ಅವರು ಅವ್ವನಿಗೆ ವಿವರಿಸಿದರು. ಅವ್ವ ಪೂರ್ತಿ ಕೇಳಿ, ‘ಹೊಸ ಅಳಿಯ ಇದ್ದಂಗ ಅನ್ರಿ. ಮೊದಲ ಮೂರು ದೀಪಾವಳಿಗಿ ಕರದು ಬಟ್ಟಿ ಉಡಿಸ್ತೀವಿ. ನಾಕನೇದಕ್ಕ ಕರೀಲಿಲ್ಲಂದ್ರ ಅಂವ ಬರಾಂಗಿಲ್ಲ’ ಅಂದಳು. ನಾನು ಇಷ್ಟು ವರ್ಷದಲ್ಲಿ ಆ ಯೋಜನೆ ಬಗ್ಗೆ ಇದಕ್ಕಿಂತ ಚೆನ್ನಾಗಿ ಹೇಳಿದ್ದು ಎಲ್ಲೂ ಓದಿಲ್ಲ.

2025ರ ಏಪ್ರಿಲ್‌ನಲ್ಲಿ ಅಳಿಯ ಮತ್ತೆ ಬಂದ. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ತಂಗಿಗೆ ಏಳು ತಿಂಗಳು. ಕುಬಸ ಮಾಡಬೇಕು, ತವರಿನಿಂದ ಉಡಿ ಸಾಮಾನು ಹೋಗಬೇಕು. ಮೇ ಕೊನೆಯ ವಾರಕ್ಕೆ ದಿನ ನಿಕ್ಕಿಯಾಯಿತು. ಅವ್ವನಿಗೂ ನನಗೂ ವಿಮಾನ. ಹೆಂಡತಿ, ಇಬ್ಬರು ಮಕ್ಕಳು ಅದೇ ದಿನ ಸಂಜೆಯ ರೈಲಿಗೆ. ಎಲ್ಲರೂ ಹಾರುವಷ್ಟು ನಮ್ಮ ರೆಕ್ಕೆ ಬಲಿತಿಲ್ಲ. ಟಿಕೆಟ್ ಹೆಂಡತಿಯ ಕೈಯಲ್ಲಿ ತೆಗೆಸಿದೆ. ನಾನು ಆ ಕೋಣೆಯಲ್ಲೇ ಇರಲಿಲ್ಲ.

ತಲಾ ಹದಿನೈದು ಕಿಲೋ ಲಗೇಜು. ಮನೆಯಲ್ಲಿ ತೂಕದ ಯಂತ್ರ ಇಲ್ಲ. ಬ್ಯಾಗನ್ನು ಸ್ಕೂಟರಿನಲ್ಲಿಟ್ಟುಕೊಂಡು ಹಿಟ್ಟಿನ ಗಿರಣಿಗೆ ಹೋದೆ. ಗಿರಣಿಯವನು ತಲೆ ಎತ್ತದೆಯೇ ಬ್ಯಾಗನ್ನು ತಕ್ಕಡಿಗೆ ಹಾಕಿ, ‘ಹದಿನೇಳೂವರಿ. ನುಣ್ಣಗ ಬೀಸಲ್ಯೋ, ದಪ್ಪಗೋ?’ ಅಂದ. ಮನೆಗೆ ಬಂದು ಖಡಕ್ ರೊಟ್ಟಿಯ ಒಂದು ಕಟ್ಟು, ಅಗಸಿ ಹಿಂಡಿ, ಎರಡು ಕಿಲೋ ತೊಗರಿಬೇಳೆ ತೆಗೆದೆ. ಮತ್ತೆ ಗಿರಣಿ. ಹದಿನೈದೂಕಾಲು. ಮತ್ತೆ ಮನೆ, ಮತ್ತೆ ಗಿರಣಿ. ಮೂರನೇ ಸಲಕ್ಕೆ ಜೋಳದ ಡಬ್ಬಿ ಹಿಡಿದು ನಿಂತಿದ್ದ ಹೆಂಗಸರು ನನಗೆ ಪಾಳಿ ಬಿಟ್ಟುಕೊಟ್ಟರು. ಕರಿ ಬ್ಯಾಗು ಅಷ್ಟರಲ್ಲಿ ಬೆಳ್ಳಗಾಗಿತ್ತು.

ಹೊರಡುವ ಮುಂಚೆ ಅವ್ವ ಸೊಸೆಗೆ ಕಟ್ಟಪ್ಪಣೆ ಮಾಡಿದಳು: ಮಾಳಿಗೆಯ ಮೇಲೆ ಕೆಂಪು ಇಳಕಲ್ ಸೀರೆ ಹಾಸಬೇಕು, ನಾಲ್ಕು ಮೂಲೆಗೆ ಕಲ್ಲಿಡಬೇಕು. ಮಕ್ಕಳು ಪಕ್ಕದಲ್ಲಿ ನಿಂತು ಕೈ ಬೀಸಬೇಕು. ಮೇಲಿನಿಂದ ನೋಡಿದರೆ ಎಲ್ಲ ಮನೆ ಒಂದೇ ಥರ ಇರುತ್ತವೆ, ಗುರುತು ಬೇಡವೇ ಅಂತ. ಕಿಟಕಿ ಸೀಟೂ ಅವಳದೇ.

ನಮ್ಮ ನಿಲ್ದಾಣ ಸಣ್ಣದು. ದೊಡ್ಡ ನಿಲ್ದಾಣಗಳಲ್ಲಿ ದಾರಿ ತಪ್ಪುವ ಭಯ ಇರುತ್ತದಂತೆ. ಇಲ್ಲಿ ತಪ್ಪಿಸಿಕೊಳ್ಳಬೇಕೆಂದರೂ ಜಾಗ ಇಲ್ಲ. ಎಲ್ಲರೂ ಎಲ್ಲರಿಗೂ ಕಾಣುತ್ತಾರೆ, ಅರ್ಧ ಜನ ಪರಿಚಯದವರು. ಹಾಗಾಗಿ ಮುಂದೆ ಆದದ್ದು ಎಲ್ಲರೂ ನೋಡಿದರು.

ಲಗೇಜ್ ಕೌಂಟರಿನ ಹುಡುಗಿ ಒಂದು ಚಿತ್ರದ ಬೋರ್ಡ್ ತೋರಿಸಿ, ‘ಇವುಗಳಲ್ಲಿ ಏನಾದರೂ ಇದೆಯಾ ಸರ್?’ ಅಂದಳು. ಲೈಟರು, ಪಟಾಕಿ, ಬ್ಯಾಟರಿ, ಗ್ಯಾಸು. ನಾನು ನಗುತ್ತಾ ಇಲ್ಲ ಇಲ್ಲ ಅಂತ ತಲೆ ಆಡಿಸುತ್ತಿದ್ದೆ. ಅವಳು, ‘ಒಣ ಕೊಬ್ಬರಿ?’ ಅಂದಳು.

ಅವ್ವ, ‘ಐದು ಬಟ್ಟಲ ಅದಾವ. ಯಾಕವ್ವಾ, ನಿನಗ ಬೇಕೇನು?’ ಅಂದಳು.

ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ. ಮುಚ್ಚಿದ ಜಾಗದಲ್ಲಿ ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದಂತೆ. ವಿಮಾನದವರ ಪಟ್ಟಿಯಲ್ಲಿ ಅದು ತಾನೇ ತಾನಾಗಿ ಬೆಂಕಿ ಹಿಡಿಯುವ ಸಾಮಾನು. ಹುಡುಗಿ ಪಾಪ ತಾಳ್ಮೆಯಿಂದ ಹೇಳಿದಳು. ಅವ್ವ ನಂಬಲಿಲ್ಲ. ‘ಐವತ್ತು ವರ್ಷದಿಂದ ನಮ್ಮ ಡಬ್ಬ್ಯಾಗ ಅದ. ಒಮ್ಮಿನೂ ಹೊಗಿ ಬಂದಿಲ್ಲ.’

ಬ್ಯಾಗ್ ತೆರೆಯಬೇಕಾಯಿತು. ಉಡಿ ಸಾಮಾನಿನ ಗಂಟು ಬ್ಯಾಗಿನ ತಳದಲ್ಲಿ. ಅದಕ್ಕಾಗಿ ಮೊದಲು ರೊಟ್ಟಿ, ಆಮೇಲೆ ಶೇಂಗಾ ಹೋಳಿಗೆ, ನನ್ನ ಎರಡು ಬನಿಯನ್ನು, ಹಸಿರು ಕುಬಸದ ಬಟ್ಟೆ, ಎಲ್ಲ ಒಂದೊಂದಾಗಿ ಬೀದರಿನ ಗಣ್ಯರ ಎದುರು ಹೊರಬಂದವು. ಗಂಟು ಬಿಚ್ಚಿದರೆ ಉತ್ತತ್ತಿ, ಅರಿಶಿಣ ಕೊಂಬು, ಅಡಿಕೆ, ಅದರ ನಡುವೆ ಐದು ಕೊಬ್ಬರಿ ಬಟ್ಟಲು. ಎಲ್ಲರೂ ಬಗ್ಗಿ ನೋಡಿದರು, ಸ್ಫೋಟಕ ಸಿಕ್ಕವರ ಹಾಗೆ.

ಹೊರಗೆ ನಮ್ಮನ್ನು ಬಿಟ್ಟ ಆಟೋದವನು ಇನ್ನೂ ನಿಂತಿದ್ದ. ಅವನ ಕೈಯಲ್ಲಿ ಮನೆಗೆ ಕಳಿಸೋಣ ಅಂದೆ. ಅವ್ವ ಕಣ್ಣು ಬಿಟ್ಟಳು. ಉಡಿ ತುಂಬುವ ಸಾಮಾನು ಹೊಸ್ತಿಲು ದಾಟಿ ಬಂದ ಮೇಲೆ ತಿರುಗಿ ಮನೆಗೆ ಹೋಗಬಾರದು. ಕಸದ ಡಬ್ಬಿಗಂತೂ ಆಗಲೇ ಆಗದು. ಮತ್ತೇನು ಮಾಡುವುದು? ಅವ್ವ ಬಟ್ಟಲೊಂದನ್ನು ತೆಗೆದು ಲಗೇಜಿನ ಗಾಡಿಯ ಕಬ್ಬಿಣಕ್ಕೆ ಕುಟ್ಟಿದಳು. ಠಣ್ ಅಂತು. ಎರಡನೇ ಏಟಿಗೆ ಒಡೆಯಿತು. ಮೊದಲ ಚೂರು ಕೌಂಟರಿನ ಹುಡುಗಿಗೇ. ಅವಳು ಎರಡೂ ಕೈ ಒಡ್ಡಿ ತೆಗೆದುಕೊಂಡಳು. ಆಮೇಲೆ ಸಾಲಿನಲ್ಲಿದ್ದವರಿಗೆಲ್ಲ. ‘ಮಗಳ ಕುಬಸ ಅದ ರಿ, ತಗೋರಿ.’ ಹತ್ತು ನಿಮಿಷ ಬೀದರ್ ವಿಮಾನ ನಿಲ್ದಾಣದಲ್ಲಿ ಕಟಕಟ ಅಂತ ಕೊಬ್ಬರಿ ಅಗಿಯುವ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಭಾಲ್ಕಿ ಕಡೆಯ ಹಿರಿಯರೊಬ್ಬರು, ‘ಜರಾ ಬೆಲ್ಲ ಇದ್ದಿದ್ರ ಭಾಳ ಚಲೋ ಇತ್ತು’ ಅಂದರು. ಅವ್ವ ನನ್ನ ಕಡೆ ನೋಡಿದಳು. ತೂಕ ಜಾಸ್ತಿ ಅಂತ ಬೆಲ್ಲ ತೆಗೆಸಿದ್ದು ನಾನೇ.

ಒಳಗೆ ಕುರ್ಚಿಯಲ್ಲಿ ಕೂತ ಮೇಲೆ ನನಗೆ ಎರಡು ವಿಷಯ ಹೊಳೆದವು. ಒಂದು, ಸಂಜೆ ರೈಲಿಗೆ ಹೊರಟ ಹೆಂಡತಿಯೇ ಆ ಕೊಬ್ಬರಿ ತರಬಹುದಿತ್ತು. ಎರಡು, ಆ ಕೊಬ್ಬರಿ ಪೊಟ್ಟಣದ ಮೇಲೆ ‘ತಿಪಟೂರು’ ಅಂತ ಬರೆದಿತ್ತು. ಬೆಂಗಳೂರಿನ ಕಡೆಯಿಂದಲೇ ಬೀದರಿಗೆ ಬಂದ ಕೊಬ್ಬರಿಯನ್ನು ನಾವು ತಿರುಗಿ ಬೆಂಗಳೂರಿಗೆ ಹೊತ್ತು ಹೊರಟಿದ್ದೆವು. ಎರಡನ್ನೂ ಅವ್ವನಿಗೆ ಹೇಳಲಿಲ್ಲ.

ವಿಮಾನ ಹತ್ತಿದೆವು. ಅವ್ವ ಕಿಟಕಿಗೆ ಮೂಗು ಒತ್ತಿ ಕೂತಳು. ಕನ್ನಡಕವನ್ನು ಸೆರಗಿನಿಂದ ಎರಡು ಸಲ ಒರೆಸಿಕೊಂಡಳು. ಗಗನಸಖಿ ಬಂದು ನಗುನಗುತ್ತಾ ಕಿಟಕಿಯ ಪರದೆಯನ್ನು ಸರ್ರನೆ ಕೆಳಗೆಳೆದಳು.

ಆಗಷ್ಟೇ ಬಂದಿದ್ದ ನಿಯಮ. ಸೇನೆಯ ರನ್‌ವೇ ಬಳಸುವ ನಿಲ್ದಾಣಗಳಲ್ಲಿ ಏರುವಾಗ, ಇಳಿಯುವಾಗ ಕಿಟಕಿ ಮುಚ್ಚಿರಬೇಕಿತ್ತು. ಹತ್ತು ಸಾವಿರ ಅಡಿ ಮೇಲೆ ಹೋದ ಮೇಲೆ ತೆರೆಯಬಹುದಿತ್ತು. ಫೋಟೊ ಹೊಡೆಯುವಂತಿಲ್ಲ. ಗಡಿಯಲ್ಲಿ ಗದ್ದಲ ನಡೆದು ಇನ್ನೂ ತಿಂಗಳಾಗಿರಲಿಲ್ಲ, ನಿಯಮ ಇರಬೇಕಾದದ್ದೇ. ಆದರೆ ಐದು ವರ್ಷ ಕಾದ ಅವ್ವನಿಗೆ ಅದನ್ನು ಹೇಗೆ ಹೇಳುವುದು? ಹೇಳಿದೆ. ‘ಮುಚ್ಚಗೊಂಡು ಹೋಗ್ಲಿಕ್ಕ ನಾ ಏನ್ ಹೊಸ ಮದಲಗಿತ್ತೇನು?’ ಅಂದಳು. ಅಷ್ಟರಲ್ಲಿ ವಿಮಾನ ಓಡಿತು, ಎದ್ದಿತು. ಅವ್ವ ನನ್ನ ಮುಂಗೈ ಹಿಡಿದಳು. ಬಳೆ ಒತ್ತಿದ ಗುರುತು ಎರಡು ದಿನ ಇತ್ತು.

ಪರದೆ ತೆರೆಯುವಷ್ಟರಲ್ಲಿ ಕೋಟೆ ಇಲ್ಲ, ಚೌಬಾರಾ ಗೋಪುರ ಇಲ್ಲ, ನಮ್ಮ ಮಾಳಿಗೆಯಂತೂ ಇಲ್ಲವೇ ಇಲ್ಲ. ಕೆಳಗೆ ಬರೀ ಹತ್ತಿ ಹಿಂಜಿ ಹಾಕಿದಂಥ ಮೋಡ. ಅವ್ವ ಸ್ವಲ್ಪ ಹೊತ್ತು ನೋಡಿ, ‘ಇದು ಯಾವ ಊರ ಪಾ?’ ಅಂದಳು. ಹುಮನಾಬಾದ್ ಇರಬಹುದು ಅಂದೆ. ಸುಮ್ನೆ.

ಬೆಂಗಳೂರಿನಲ್ಲಿ ಇಳಿದು ಫೋನ್ ಚಾಲೂ ಮಾಡಿದ್ದೇ ತಡ, ಮನೆಯಿಂದ ಕರೆ. ಮಗನ ಕೂಗು ನನಗೂ ಕೇಳುತ್ತಿತ್ತು. ‘ಆಯಿ, ವಿಮಾನ ನಮ್ಮ ಮನಿ ಮ್ಯಾಲಿಂದೇ ಹೋಯ್ತು! ನಾವು ಕೈ ಮಾಡಿದ್ದು ಕಂಡದೇನು?’

‘ಕಂಡದ, ಕಂಡದ’ ಅಂದಳು ಅವ್ವ. ‘ಇಬ್ಬರೂ ಕಂಡೀರಿ. ಕೆಂಪ ಸೀರಿ ಏನ್ ಚಂದ ಕಾಣತಿತ್ತು!’

‘ಕೆಂಪ ಸೀರಿ ಇಲ್ಲ ಆಯಿ. ಅದು ಮಳಿಗಿ ತೋಯ್ತದ ಅಂತ ಮಮ್ಮಿ ಹಾಕಲಿಲ್ಲ. ನಾವು ಹಾಸಿದ್ದು ಪಪ್ಪನ ಲುಂಗಿ.’

ಅವ್ವ ಒಂದು ಕ್ಷಣ ಸುಮ್ಮನಾದಳು. ಆಮೇಲೆ, ‘ಹೌದ್ ಹೌದ್, ಅದಕ್ಕೇ ಚೌಕಡಿ ಚೌಕಡಿ ಕಂಡದ್ದು’ ಅಂದು ಫೋನನ್ನು ನನ್ನ ಕೈಗೆ ಕೊಟ್ಟಳು.