ತೃಣಕ್ಕೆ ಸಮಾನ

ಸಸಿ ನೆಡುವ ಸಮಾರಂಭದಲ್ಲಿ ಅತಿ ಕಡಿಮೆ ಪಾತ್ರ ಸಸಿಯದ್ದು. ಗುಂಡಿಯನ್ನು ಯಾರೋ ಹಿಂದಿನ ದಿನವೇ ತೋಡಿರುತ್ತಾರೆ. ಗಣ್ಯರು ಬಂದು ರಿಬ್ಬನ್ ಕಟ್ಟಿದ ಹೊಸ ಗುದ್ದಲಿಯನ್ನು ಮಣ್ಣಿಗೆ ಮುಟ್ಟಿಸುತ್ತಾರೆ. ಹನ್ನೊಂದು ಕೈಗಳು ಸೇರಿ ಬೆರಳು ಗಾತ್ರದ ಒಂದು ಕಾಂಡವನ್ನು ಹಿಡಿದುಕೊಳ್ಳುತ್ತವೆ, ಹನ್ನೊಂದು ಮುಖಗಳು ಕ್ಯಾಮೆರಾ ನೋಡುತ್ತವೆ. ಇಂಥದ್ದೊಂದು ಸಮಾರಂಭದಲ್ಲಿ ನಾನು, ಬೇರಿಗೆ ಸುತ್ತಿದ ಪ್ಲಾಸ್ಟಿಕ್ ಚೀಲವನ್ನು ತೆಗೆಯಲೇ ಇಲ್ಲವಲ್ಲ ಎಂದು ಮೆಲ್ಲಗೆ ಕೇಳಿದೆ. ‘ಇರಲಿ ಬಿಡಿ, ಮುಂದಿನ ವರ್ಷ ಕೀಳಲು ಸುಲಭ’ ಎಂದರು ವ್ಯವಸ್ಥಾಪಕರು. ಅಷ್ಟು ಪ್ರಾಮಾಣಿಕವಾದ ಪರಿಸರ ವರದಿಯನ್ನು ನಾನು ಮತ್ತೆಲ್ಲೂ ಓದಿಲ್ಲ.

ದೊಡ್ಡ ಮಟ್ಟದಲ್ಲಿಯೂ ಸಂಗತಿ ಹೀಗೆಯೇ, ಸೊನ್ನೆಗಳು ಮಾತ್ರ ಹೆಚ್ಚು. 2019ರ ಜುಲೈ 29ರಂದು ಇಥಿಯೋಪಿಯಾ 12 ಗಂಟೆಗಳಲ್ಲಿ 35 ಕೋಟಿಗೂ ಹೆಚ್ಚು ಸಸಿ ನೆಟ್ಟಿರುವುದಾಗಿ ಘೋಷಿಸಿತು. ಭಾಗಿಸಿ ನೋಡಿದರೆ ಸೆಕೆಂಡಿಗೆ ಎಂಟು ಸಾವಿರದಷ್ಟಾಯಿತು. ನೆಟ್ಟವರ ವೇಗಕ್ಕಿಂತ ನನಗೆ ಅಚ್ಚರಿಯಾದದ್ದು ಎಣಿಸಿದವರ ವೇಗ. ಅದೇ ವರ್ಷದ ನವೆಂಬರ್ 11ರಂದು ಟರ್ಕಿಯಲ್ಲಿ 1.1 ಕೋಟಿ ಸಸಿ ನೆಟ್ಟರು. ಕೆಲವೇ ತಿಂಗಳಲ್ಲಿ ಅಲ್ಲಿನ ಕೃಷಿ ಮತ್ತು ಅರಣ್ಯ ನೌಕರರ ಸಂಘದವರು, ತಾವು ನೋಡಿದ ಕಡೆಗಳಲ್ಲಿ ಶೇ 90ರಷ್ಟು ಸತ್ತಿವೆ ಎಂದರು. ಸರ್ಕಾರ ಅದನ್ನು ಅಲ್ಲಗಳೆಯಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ಕೇಳಿದ್ದರು. ಗಿಡವಾಗಿ ಬದುಕದ್ದು ಮರವಾಗಿ ಬದುಕೀತೇ ಎಂದು ಈಗ ಯಾರೂ ಕೇಳುವಂತಿಲ್ಲ. ಕಡತದಲ್ಲಿ ಅದು ಆಗಲೇ ಮರವಾಗಿ, ಇಂಗಾಲವನ್ನೂ ಹೀರತೊಡಗಿರುತ್ತದೆ.

ಇಷ್ಟಕ್ಕೂ ಕಾಡು ಎಂದರೇನು? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದಕ್ಕೊಂದು ಅಳತೆ ಕೊಟ್ಟಿದೆ: ಅರ್ಧ ಹೆಕ್ಟೇರ್‌ಗಿಂತ ಹೆಚ್ಚು ಜಾಗ, 5 ಮೀಟರ್‌ಗಿಂತ ಎತ್ತರದ ಮರಗಳು, ನೆಲದ ಶೇ 10ಕ್ಕಿಂತ ಹೆಚ್ಚು ಭಾಗಕ್ಕೆ ಅವುಗಳ ಮರೆ. ಮರಗಳು ಈಗಲೇ ಅಷ್ಟು ಎತ್ತರವಿರಬೇಕೆಂಬ ಹಟವೂ ಇಲ್ಲ, ಮುಂದೆ ಬೆಳೆಯಬಲ್ಲವಾದರೆ ಸಾಕು. ಅರಣ್ಯ ನಿರ್ವಹಣೆಯ ಹೆಸರಿನಲ್ಲಿ ಪೂರ್ತಿ ಬೋಳಿಸಿದ ಜಾಗವೂ, ಮತ್ತೆ ಬೆಳೆಸುವ ಇರಾದೆ ಇದ್ದರೆ, ಕಾಡೇ. ರಬ್ಬರ್ ತೋಟ ಕಾಡು. ಒಂದೇ ಜಾತಿಯ ಮರಗಳು ಪ್ರಾರ್ಥನೆಗೆ ನಿಂತ ಶಾಲಾ ಮಕ್ಕಳಂತೆ ಸಾಲುಗಟ್ಟಿದ ನೆಡುತೋಪು ಕಾಡು. ಮನುಷ್ಯ ಕೊಡಲಿ ಹಿಡಿಯುವ ಮೊದಲಿನಿಂದ ಇರುವ ಹುಲ್ಲುಗಾವಲು ಮಾತ್ರ ‘ಖಾಲಿ’.

ಖಾಲಿ ಎಂದರೆ ಎಷ್ಟು ಖಾಲಿ? ಬ್ರೆಜಿಲಿನ ಸೆರಾಡೊ ಸವನ್ನಾದಲ್ಲಿ, ಅಂದರೆ ಅಲ್ಲೊಂದು ಇಲ್ಲೊಂದು ಮರವಿರುವ ಹುಲ್ಲುನೆಲದಲ್ಲಿ, ಗಿಡಗಳ ಬೇರುಗಳು ಎಷ್ಟು ಆಳಕ್ಕೆ ಇಳಿಯುತ್ತವೆಂದರೆ, ಬಲ್ಲವರು ಅದನ್ನು ತಲೆಕೆಳಗಾದ ಕಾಡು ಎನ್ನುತ್ತಾರೆ. ದಕ್ಷಿಣ ಆಫ್ರಿಕಾದ ಹುಲ್ಲುನೆಲಗಳಲ್ಲಿ ಕೆಲವು ಮರಗಳು ಕಾಂಡ, ಕೊಂಬೆಗಳನ್ನೆಲ್ಲ ಮಣ್ಣಿನೊಳಗೆ ಇಟ್ಟುಕೊಂಡು ಎಲೆಗಳನ್ನಷ್ಟೇ ಮೇಲಕ್ಕೆ ಚಾಚುತ್ತವೆ. ಬೆಂಕಿ ಮೇಲಿನಿಂದ ಹಾದುಹೋಗುತ್ತದೆ. ಮರ ಕೆಳಗೆ ನೆಮ್ಮದಿಯಾಗಿರುತ್ತದೆ. ಅವುಗಳ ಜಾಣತನವೇ ಅವುಗಳಿಗೆ ಮುಳುವಾಯಿತು. ಕೆಳಮುಖವಾಗಿ ಬೆಳೆದ ಮರವನ್ನು ಅಳೆಯುವ ಕೋಲು ಯಾರ ಬಳಿಯೂ ಇಲ್ಲ. ಇನ್ನು ಹುಲ್ಲುಗಾವಲಿನ ಇಂಗಾಲದ ಬಹುಪಾಲು ಮಣ್ಣಿನೊಳಗೇ ಇರುತ್ತದೆ. ಒಮ್ಮೆ ಉತ್ತು ಹಾಳು ಮಾಡಿದರೆ ಹಳೆಯ ಸಸ್ಯವೈವಿಧ್ಯ ಮರಳಲು ನೂರು ವರ್ಷವೂ ಸಾಲದೆ ಹೋಗಬಹುದು. ಆದರೆ ನೂರು ವರ್ಷ ಕಾಯುವ ಯೋಜನೆಯನ್ನು ಉದ್ಘಾಟಿಸುವವರು ಯಾರು?

2019ರಲ್ಲಿಯೇ ಒಂದು ಪ್ರಸಿದ್ಧ ಅಧ್ಯಯನವು ಜಗತ್ತಿನಲ್ಲಿ ಇನ್ನೂ ಸುಮಾರು 90 ಕೋಟಿ ಹೆಕ್ಟೇರ್‌ನಲ್ಲಿ ಮರ ಬೆಳೆಸಬಹುದು ಎಂದಿತು. ಆ ಲೆಕ್ಕದಲ್ಲಿ ಸವನ್ನಾಗಳೂ ಹುಲ್ಲುಗಾವಲುಗಳೂ ಸೇರಿಕೊಂಡಿವೆಯಲ್ಲ ಎಂದು ಅನೇಕ ವಿಜ್ಞಾನಿಗಳು ತಕರಾರೆತ್ತಿದರು. ತಕರಾರು ಬರುವಷ್ಟರಲ್ಲಿ ಅಧ್ಯಯನದ ನಕ್ಷೆ ಊರೆಲ್ಲ ಸುತ್ತಿ ಬಂದಿತ್ತು. 2011ರ ‘ಬಾನ್ ಸವಾಲು’ ಎಂಬ ಜಾಗತಿಕ ಅಭಿಯಾನದ ಅಡಿಯಲ್ಲಿ ದೇಶಗಳು ಕಾಡನ್ನು ಮರುಸ್ಥಾಪಿಸುತ್ತೇವೆಂದು ಕೊಟ್ಟ ಮಾತುಗಳ ಕಥೆಯೂ ರುಚಿಕರವಾಗಿದೆ: ಕೆಲವು ವರ್ಷಗಳ ಬಳಿಕ ಬಿಡಿಸಿ ನೋಡಿದರೆ ಮಾತು ಕೊಟ್ಟ ಜಾಗದಲ್ಲಿ ಶೇ 45ರಷ್ಟು ನೆಡುತೋಪುಗಳು. ಅಂದರೆ ಕಾಡನ್ನು ಮರಳಿ ತರುತ್ತೇವೆಂದು ಹೊರಟವರು ಅರ್ಧ ದಾರಿಯಲ್ಲಿ ದಿಮ್ಮಿ ಅಂಗಡಿಗೆ ಹೊಕ್ಕಿದ್ದರು. ಸಮುದ್ರವನ್ನೂ ಬಿಟ್ಟಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಬೆಳೆಯಬೇಕಾದ ಜಾಗಗಳನ್ನು ಮೀನುಕೊಳಗಳು ಆಕ್ರಮಿಸಿವೆ. ಅವನ್ನು ತೆರವು ಮಾಡಿಸುವುದು ಜಗಳದ ಕೆಲಸ. ಹಾಗಾಗಿ ಕಾಂಡ್ಲಾ ಬದುಕದ ಕೆಸರುಬಯಲಿನಲ್ಲಿ, ಕಡಲಹುಲ್ಲಿನ ನೆತ್ತಿಯ ಮೇಲೆ ಸಸಿ ಊರಿದರು. ಕಡಲಹುಲ್ಲೂ ಹೂ ಬಿಡುವ ಸಸ್ಯವೇ. ಸಸ್ಯ ಸಂರಕ್ಷಣೆಗಾಗಿ ಸಸ್ಯದ ಮೇಲೆ ಸಸ್ಯ ನೆಟ್ಟು, ಕೊನೆಗೆ ಎರಡೂ ಹೋದವು ಎಂದರೆ ಲೆಕ್ಕ ಸರಿಹೋಯಿತು ಎನ್ನಬೇಕೇನೋ.

ಈ ಹುಲ್ಲುನೆಲಗಳಲ್ಲಿ ಮನುಷ್ಯರೂ ಇದ್ದಾರೆ ಎಂಬುದು ನಕ್ಷೆಗಳಿಗೆ ಇನ್ನೊಂದು ಕಿರಿಕಿರಿ. ಕುರಿ ದನ ಮೇಯಿಸುತ್ತ, ಹದ ನೋಡಿ ಬೆಂಕಿ ಕೊಡುತ್ತ, ಯಾವ ಹುಲ್ಲು ಯಾವ ತಿಂಗಳಲ್ಲಿ ಎಲ್ಲಿ ಚಿಗುರುತ್ತದೆಂದು ಬಲ್ಲವರು. ಬೇಲಿ ಬಿದ್ದ ಮರುದಿನ ಅವರೇ ಅತಿಕ್ರಮಣಕಾರರು. ಸಸಿ ಒಣಗಿದರೆ ತಪ್ಪು ಕುರಿಯದ್ದು. ಚಿಗುರಿದರೆ ಕೀರ್ತಿ ಫಲಕದಲ್ಲಿ ಹೆಸರಿದ್ದವರದ್ದು.

ನಾನು ಹೋಗಿದ್ದ ಸಮಾರಂಭದಲ್ಲಿಯೂ ಬೇಲಿಯಾಚೆ ಒಬ್ಬ ಮುದುಕಿ ಕುರಿಗಳೊಂದಿಗೆ ನಿಂತು ನೋಡುತ್ತಿದ್ದಳು. ಪತ್ರಕರ್ತರೊಬ್ಬರು ಮುಖ್ಯ ಅತಿಥಿಗಳನ್ನು, ‘ಇಲ್ಲಿ ಮೊದಲು ಏನಿತ್ತು?’ ಎಂದು ಕೇಳಿದರು.

‘ಏನೂ ಇರಲಿಲ್ಲ’ ಎಂದರು ಅತಿಥಿಗಳು. ಕಾರಿನ ಬಾಗಿಲಿಗೆ ಒರಗಿ, ಮೊಣಕಾಲಿನವರೆಗೂ ಪ್ಯಾಂಟಿಗೆ ಅಂಟಿದ್ದ ಹುಲ್ಲಿನ ಬೀಜಗಳನ್ನು ಒಂದೊಂದಾಗಿ ಕಿತ್ತು ಎಸೆಯುತ್ತಿದ್ದರು.