ಬಸಪ್ಪ, ಬಸವರಾಜು ಮತ್ತು ನಾನು

ವಿಜಯಪುರ, ಬಾಗಲಕೋಟೆ ಕಡೆಯ ಯಾವುದೇ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಲೇ ಬಸ್ಯಾ’ ಎಂದು ಜೋರಾಗಿ ಕೂಗಿ ನೋಡಿ. ನಾಲ್ಕೈದು ಜನರಾದರೂ ತಿರುಗುತ್ತಾರೆ. ಒಬ್ಬಿಬ್ಬರು ಜಗಳಕ್ಕೂ ಬರಬಹುದು, ಬಸ್ಯಾ ಅನ್ನುವ ಸಲಿಗೆ ಎಲ್ಲರಿಗೂ ಇರುವುದಿಲ್ಲ ನೋಡಿ.

ಮೂಲ ಕೆದಕಿದರೆ ಬಸವರಾಜರೆಲ್ಲ ಎತ್ತಿನ ಕೊಟ್ಟಿಗೆಗೇ ಹೋಗಿ ನಿಲ್ಲಬೇಕು. ವೃಷಭ ಕನ್ನಡಿಗರ ಬಾಯಲ್ಲಿ ಸವೆದು ಬಸವ ಆಯಿತು. ಶಿವನ ಮುಂದೆ ಕೂತ ನಂದಿಯೂ ಬಸವ, ಮನೆ ಬಾಗಿಲಿಗೆ ಬಂದು ಗೋಣು ಆಡಿಸುವ ಕೋಲೆ ಬಸವನೂ ಬಸವ. 12ನೇ ಶತಮಾನದ ಬಸವಣ್ಣನವರಿಂದ ಹೆಸರು ಮನೆಮನೆ ಸೇರಿತು. ಹರಿಹರ ಕವಿ ಅವರ ಮೇಲೆ ಬರೆದದ್ದು ‘ಬಸವರಾಜದೇವರ ರಗಳೆ’. ಅಂದರೆ ‘ರಾಜ’ ಅಂಟಿಕೊಂಡಿದ್ದು ಮೊನ್ನೆ ಮೊನ್ನೆ ಅಲ್ಲ. 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿದ್ದ ಬಿ.ಡಿ. ಜತ್ತಿಯವರ ‘ಬಿ’ ಕೂಡ ಬಸಪ್ಪನೇ.

ಇಷ್ಟೆಲ್ಲ ಘನತೆ ಇದ್ದರೂ ಶಾಲೆಯಲ್ಲಿ ಬಸವನಹುಳುವಿನ ಪಾಠ ಬಂದ ದಿನ ಎಲ್ಲರೂ ತಿರುಗಿ ನೋಡಿದ್ದು ನಮ್ಮನ್ನೇ. ನಮ್ಮನ್ನು ಅಂದೆ, ಯಾಕೆಂದರೆ ತರಗತಿಯಲ್ಲಿ ಬಸವರಾಜರಿಗೆ ಬರವಿರಲಿಲ್ಲ. ಮೆಣಸಿನಕಾಯಿ ಬಸ್ಯಾ, ಉಳ್ಳಾಗಡ್ಡಿ ಬಸ್ಯಾ ಅಂತ ಅಡ್ಡಹೆಸರು ಹಿಡಿದು ಮಾಸ್ತರು ಹಾಜರಿ ಕರೆದರೆ ಸಂತೆ ಚೀಟಿ ಓದಿದ ಹಾಗಿರುತ್ತಿತ್ತು.

ನನಗೆ ಈ ಹೆಸರು ಬಂದಿದ್ದು ಅಜ್ಜನಿಂದ. ಅಜ್ಜ ಬಸಪ್ಪ, ನಾನು ಕಾಲಕ್ಕೆ ತಕ್ಕಂತೆ ಬಸವರಾಜ. ತೊಂದರೆ ಏನೆಂದರೆ, ನಮ್ಮ ಮನೆಯಲ್ಲಿ ಮಾವನ ಹೆಸರನ್ನು ಸೊಸೆ ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ಗಂಡನ ಹೆಸರನ್ನು ಅಜ್ಜಿಯೂ ಹೇಳುತ್ತಿರಲಿಲ್ಲ. ಹೀಗಾಗಿ ಇಬ್ಬರು ಹೆಂಗಸರಿಗೂ ನಾನು ಬರೀ ‘ತಮ್ಮಾ’. ಸಿಟ್ಟು ಬಂದರೆ ಅವ್ವ, ‘ಏ ಮಾವನ ಹೆಸರಿನಾಂವಾ, ಬಾ ಇಲ್ಲಿ!’ ಎಂದು ಒದರುತ್ತಿದ್ದಳು. ಹೊಡೆಯಲು ಒಂದು ಕೈ ಎತ್ತಿದರೆ, ಮಾವ ನೆನಪಾಗಿ ಇನ್ನೊಂದು ಕೈ ತಲೆಯ ಮೇಲಿನ ಸೆರಗನ್ನು ಸರಿಮಾಡುತ್ತಿತ್ತು. ಆ ಸಂದಿಯಲ್ಲಿ ನಾನು ಪರಾರಿ.

ಒಂದು ಸಲ ರೇಷನ್ ಕಾರ್ಡಿಗೆ ಹೆಸರು ಬರೆದುಕೊಳ್ಳಲು ಯಾರೋ ಬಾಗಿಲಿಗೆ ಬಂದರು. ಗಂಡಸರು ಹೊಲದಲ್ಲಿದ್ದರು. ‘ಹುಡುಗನ ಹೆಸರು ಏನ್ರೀ?’ ಅಂದರೆ ಅವ್ವ, ‘ಅವರಜ್ಜಂದ ಐತ್ರಿ’ ಅಂದಳು. ‘ಅಜ್ಜಂದು ಏನು?’ ಅವ್ವ ಗೋಡೆಯ ಮೇಲಿನ ಫೋಟೋ ತೋರಿಸಿದಳು. ಫೋಟೋದ ಕೆಳಗೆ ದಪ್ಪಕ್ಷರದಲ್ಲಿ ಬಸಪ್ಪ ಅಂತ ಇತ್ತು. ಆತ ಹಾಗೇ ಬರೆದುಕೊಂಡು ಹೋದ.

ಮುಂದೆ ಬೆಂಗಳೂರಿಗೆ ಬಂದೆ. ಹಳೇ ಮೈಸೂರು ಕಡೆಯವರಿಗೆ ಹೆಸರು ‘ಉ’ಕಾರದಲ್ಲಿ ಮುಗಿಯದಿದ್ದರೆ ಸಮಾಧಾನವಿಲ್ಲ. ನಾಗರಾಜ ಇಲ್ಲಿ ನಾಗರಾಜು, ನಾನು ಬಸವರಾಜು. ಆಧಾರ್ ಮಾಡುವ ಹುಡುಗ ಕೇಳದೆಯೇ ಕೊಂಬು ಕೊಟ್ಟ. ಎತ್ತಿನ ಹೆಸರಿಗೆ ಕೊಂಬು ಇದ್ದರೆ ತಪ್ಪೇನು ಅಂತ ನಾನೂ ಸುಮ್ನಾದೆ. ಬೀದರ್ ಕಡೆಯ ನಮ್ಮ ಸಹೋದ್ಯೋಗಿಯ ಪಾಡು ಇನ್ನೂ ಕಷ್ಟ. ಅವನ ಇಂಗ್ಲಿಷ್ ಸ್ಪೆಲಿಂಗಿನಲ್ಲಿ ‘ವಿ’ ಹೋಗಿ ‘ಡಬ್ಲ್ಯೂ’ ಬಂದಿದೆ, ನಡುವಿನ ಒಂದು ‘ಎ’ ನಾಪತ್ತೆ. ಓದಿದರೆ ಬಸ್ವರಾಜ್.

ಕರೆಯುವವರ ಬಾಯಲ್ಲಿ ಮಾತ್ರ ಯಾವತ್ತೂ ಗೊಂದಲವಿಲ್ಲ. ಅಕ್ಕನಿಗೆ ಬಸು, ಗೆಳೆಯರಿಗೆ ಬಸ್ಯಾ. ‘ಬಸವರಾಜ ಅವರೇ’ ಅಂದರೆ ಮ್ಯಾನೇಜರ್ ಕೆಲಸ ಹಚ್ಚುತ್ತಿದ್ದಾರೆ. ಆದರೆ ಹುಷಾರಾಗಿರಬೇಕಾದ್ದು ‘ಬಸಣ್ಣ’ ಅನ್ನುವವರ ಹತ್ತಿರ. ಆ ‘ಅಣ್ಣ’ ಬಂತು ಅಂದರೆ ನನ್ನ ಕೈ ತಾನಾಗಿಯೇ ಜೇಬು ಮುಟ್ಟಿ ನೋಡಿಕೊಳ್ಳುತ್ತದೆ.

ಮನೆ ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನಾಕೆ ಕಾಗದಗಳನ್ನು ಇಸ್ಪೀಟು ಎಲೆ ಹರಡಿದಂತೆ ಮುಂದಿಟ್ಟು, ‘ಸಾರ್, ಈ ಮೂವರಲ್ಲಿ ನೀವು ಯಾರು?’ ಅಂದರು. ಮಾರ್ಕ್ಸ್ ಕಾರ್ಡಿನ ಬಸವರಾಜ, ಆಧಾರಿನ ಬಸವರಾಜು, ರೇಷನ್ ಕಾರ್ಡಿನ ಬಸಪ್ಪ, ಮೂವರೂ ಒಬ್ಬನೇ ಎಂದು ನೋಟರಿ ಅಫಿಡವಿಟ್ ತರಬೇಕಂತೆ.

ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಗೆ ಹೋದೆ. ಛಾಪಾ ಕಾಗದ ಕೈಗೆ ಬಂತು. ಓದಿದೆ. ಮೂರೂ ಹೆಸರು ಸರಿಯಾಗಿದ್ದವು. ಕೊನೆಯಲ್ಲಿ ನಾನು ಸಹಿ ಹಾಕುವ ಜಾಗದಲ್ಲಿ ಮಾತ್ರ ‘ಬಸವಯ್ಯ’ ಅಂತ ಇತ್ತು.

‘ಇವನ್ಯಾರ್ರೀ?’ ಅಂದೆ.

ಆತ ಕನ್ನಡಕ ಮೇಲೇರಿಸಿ ನೋಡಿದ. ‘ಅಯ್ಯೋ, ಹಳೇ ಫೈಲಿಂದು ಉಳ್ಕೊಂಡಿದೆ. ಹೊಸ ಛಾಪಾ ಕಾಗದದ ಮೇಲೇ ತೆಗೀಬೇಕು. ಜಾಸ್ತಿ ಏನಾಗಲ್ಲ ಬಿಡಿ, ಬಸಣ್ಣ.’