ಶಿಕಾಗೋ ಭಾಷಣಕ್ಕೆ ಮುಂಚಿನ ಆರು ವಾರ

ಅಣ್ಣನ ಮಗ ಕೆನಡಾದಲ್ಲಿದ್ದಾನೆ. ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡುತ್ತಾನೆ. "ಎಲ್ಲಾ ಆರಾಮ ಐತಿ ಕಾಕಾ" ಅನ್ನುತ್ತಾನೆ. ಅವನ ಹಿಂದೆ ಯಾವಾಗಲೂ ಒಂದು ಬಿಳಿ ಗೋಡೆ. ಎಂಟು ತಿಂಗಳಾಯಿತು, ಆ ಗೋಡೆ ಬಿಟ್ಟರೆ ನಾವು ಬೇರೇನೂ ನೋಡಿಲ್ಲ. ಮೊನ್ನೆ ಅವನ ಗೆಳೆಯನ ಬಾಯಿಂದ ಗೊತ್ತಾಯಿತು. ನೆಲಮಾಳಿಗೆಯ ಒಂದೇ ಕೋಣೆಯಲ್ಲಿ ನಾಲ್ಕು ಜನ ಇದ್ದಾರೆ, ಇವನಿಗೆ ಎರಡು ತಿಂಗಳಿಂದ ಕೆಲಸ ಇಲ್ಲ. ಅವನ ಅವ್ವಗೆ, ಅಂದರೆ ನಮ್ಮ ವೈನಿಗೆ, ಇದು ಗೊತ್ತಿಲ್ಲ.

ಅವತ್ತು ಸಂಜೆ ಕಿಲ್ಲಾ ಕಡೆ ವಾಕಿಂಗ್ ಹೋಗಿದ್ದೆ. ರಾಮಕೃಷ್ಣ ಮಿಷನ್ ಆಶ್ರಮದ ಮುಂದೆ ಸುಮ್ನೆ ನಿಂತುಬಿಟ್ಟೆ.

ವಿವೇಕಾನಂದರು ಬೆಳಗಾವಿಗೆ ಬಂದದ್ದು 1892ರ ಅಕ್ಟೋಬರಿನಲ್ಲಿ. ರಿಸಾಲದಾರ ಗಲ್ಲಿಯ ಭಾಟೆಯವರ ಮನೆಯಲ್ಲಿ ಮೂರು ದಿನ ಇದ್ದರು. ಆಮೇಲೆ ಅರಣ್ಯ ಅಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ಒಂಬತ್ತು ದಿನ. ಸನ್ಯಾಸಿ ಎಲೆ ಅಡಿಕೆ ಕೇಳಿದ್ದೂ ಅಲ್ಲದೆ ಜೊತೆಗೆ ತಂಬಾಕನ್ನೂ ಕೇಳಿದಾಗ ಭಾಟೆಯವರ ಮನೆಯವರು ದಂಗಾದರಂತೆ. (ನನಗೆ ಈ ಕಥೆ ಭಾಳ ಇಷ್ಟ.) ಅಮೆರಿಕಕ್ಕೆ ಹೋಗುವ ಆಸೆಯನ್ನು ಮಿತ್ರರ ಮುಂದೆ ಇಲ್ಲೇ ಹೇಳಿಕೊಂಡರು. ಅದಕ್ಕೆ ಪಟ್ಟಿ (ಚಂದಾ) ಎತ್ತೋಣ ಅಂತ ಮಿತ್ರರು ಹೊರಟರೆ, ಬೇಡ ಅಂದರು.

ಮಿಷನರಿ ಅಂದರೆ ನಮಗೆ ಹೊರಗಿನಿಂದ ಬಂದ ಪಾದ್ರಿಯೇ ಕಣ್ಮುಂದೆ ಬರುತ್ತಾನೆ. ಲಂಡನ್ ಮಿಷನರಿ ಸೊಸೈಟಿಯವರು 1820ರಲ್ಲೇ ಈ ಊರಿಗೆ ಬಂದಿದ್ದರಲ್ವಾ. ಎಪ್ಪತ್ತು ವರ್ಷದ ಮೇಲೆ ಇದೇ ಊರನ್ನು ಹಾದು ಇನ್ನೊಬ್ಬ ಮಿಷನರಿ ಎದುರು ದಿಕ್ಕಿಗೆ ಹೋದರು. ನಾನು ಅವರನ್ನು ಹಾಗೆಯೇ ನೋಡುತ್ತೇನೆ. ಹಡಗು ಹತ್ತಿದಾಗ ಅವರಿಗೆ ಬರೀ 30.

ನಮ್ಮ ಶಾಲೆಗಳಲ್ಲಿ ಜನವರಿ 12ಕ್ಕೆ ಏನು ನಡೆಯುತ್ತದೆ ಗೊತ್ತಲ್ಲ. ಒಬ್ಬ ಹುಡುಗನಿಗೆ ಕೇಸರಿ ರುಮಾಲು ಸುತ್ತಿ, ಕೈ ಕಟ್ಟಿಸಿ ನಿಲ್ಲಿಸುತ್ತಾರೆ. "ಸಹೋದರಿಯರೇ, ಸಹೋದರರೇ" ಅನ್ನಿಸುತ್ತಾರೆ. ಚಪ್ಪಾಳೆ, ಪೇಢೆ, ಮುಗಿಯಿತು. ಆ ಭಾಷಣ ಆದದ್ದು 1893ರ ಸೆಪ್ಟೆಂಬರ್ 11ಕ್ಕೆ. ಅವರು ಶಿಕಾಗೋ ಮುಟ್ಟಿದ್ದು ಜುಲೈ ಕೊನೆಗೆ. ನಡುವಿನ ಆರು ವಾರದ ಬಗ್ಗೆ ಯಾವ ಮಾಸ್ತರರೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ಹಡಗಿನಲ್ಲೇ ಥಂಡಿ ಹಿಡಿದಿತ್ತು, ಮೈಮೇಲೆ ಬೆಚ್ಚನೆಯ ಬಟ್ಟೆ ಇರಲಿಲ್ಲ. ಶಿಕಾಗೋಗೆ ಬಂದರೆ ಸರ್ವಧರ್ಮ ಸಮ್ಮೇಳನಕ್ಕೆ ಇನ್ನೂ ಒಂದೂವರೆ ತಿಂಗಳು. ಅಲ್ಲಿಗಿಂತ ಖರ್ಚು ಕಮ್ಮಿ ಅಂತ ಬಾಸ್ಟನ್ ಕಡೆ ಹೋದರು. ಅಲ್ಲಿಂದ ಆಗಸ್ಟ್ 20ಕ್ಕೆ ಪ್ರಯಾಣಕ್ಕೆ ದುಡ್ಡು ಕೂಡಿಸಿಕೊಟ್ಟಿದ್ದ ಮದ್ರಾಸಿನ ಶಿಷ್ಯ ಅಳಸಿಂಗ ಪೆರುಮಾಳ್ ಅವರಿಗೆ ಒಂದು ಕಾಗದ ಬರೆದಿದ್ದಾರೆ. ಅದು ಉಪದೇಶ ಅಲ್ಲ, ಲೆಕ್ಕ. ಕೊಟ್ಟಿದ್ದು 170 ಪೌಂಡ್ ನೋಟು, 9 ಪೌಂಡ್ ನಗದು. ಉಳಿದದ್ದು 130. ದಿನಕ್ಕೆ ಒಂದು ಪೌಂಡ್ ಖರ್ಚು. ಒಂದು ಚುಟ್ಟಕ್ಕೆ ನಮ್ಮ ಎಂಟಾಣೆ! ಬೀದಿಯಲ್ಲಿ ತಮ್ಮ ವೇಷ ನೋಡಿ ಜನ ಕೂಗಿ ಗೇಲಿ ಮಾಡುತ್ತಾರೆ ಅಂತಲೂ ಬರೆದಿದ್ದಾರೆ. ಅಲ್ಲಿನ ಹೆಣ್ಣುಮಕ್ಕಳ ಸಲಹೆ ಕೇಳಿ, ಓಡಾಡಲು ಒಂದು ಉದ್ದನೆಯ ಕಪ್ಪು ಕೋಟು ಕೊಳ್ಳುತ್ತೇನೆ, ಕಾವಿ ನಿಲುವಂಗಿ ರುಮಾಲು ಭಾಷಣಕ್ಕೆ ಇರಲಿ ಅಂತಾರೆ. ನಾವು ಪೋಸ್ಟರಿನಲ್ಲಿ ನೋಡುವ ವೇಷ, ಅವರಿಗೆ ಅಲ್ಲಿ ಕೆಲಸಕ್ಕೆ ಹಾಕುವ ಬಟ್ಟೆ.

ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಬೇರೆ. ನನ್ನನ್ನು ಇಲ್ಲಿ ಇರಿಸಿಕೊಳ್ಳಲು ನಿಮ್ಮಿಂದ ಆಗದಿದ್ದರೆ, ಈ ದೇಶ ಬಿಟ್ಟು ಬರಲಾದರೂ ದುಡ್ಡು ಕಳಿಸಿ ಅಂತ ನೇರವಾಗಿ ಕೇಳಿದ್ದಾರೆ. ಬೆಳಗಾವಿಯಲ್ಲಿ ಪಟ್ಟಿ ಬೇಡ ಅಂದವರು ಇವರೇ! ನಾಚಿಕೆ ಪಡಲಿಲ್ಲ, ಬಿಳಿ ಗೋಡೆ ತೋರಿಸಲಿಲ್ಲ.

ಸಮ್ಮೇಳನಕ್ಕೆ ಶಿಕಾಗೋಗೆ ವಾಪಸ್ ಬಂದಾಗ ಹೋಗಬೇಕಾದ ವಿಳಾಸವನ್ನೇ ಕಳೆದುಕೊಂಡಿದ್ದರು. ರಾತ್ರಿ ರೈಲು ಯಾರ್ಡಿನ ಒಂದು ಖಾಲಿ ಪೆಟ್ಟಿಗೆಯಲ್ಲಿ ಮಲಗಿದರು. ಬೆಳಿಗ್ಗೆ ಮನೆ ಮನೆ ಬಾಗಿಲು ತಟ್ಟಿದರೆ ಆಳುಗಳು ಅಟ್ಟಿದರು. ಸೋತು ರಸ್ತೆ ಬದಿ ಕೂತಿದ್ದವರನ್ನು ಎದುರು ಮನೆಯ ಹೇಲ್ ಅನ್ನುವ ತಾಯಿ ಒಳಗೆ ಕರೆದರು. ಹೆಸರು ಬಂದ ಮೇಲೂ ಸುಖ ಏನಿಲ್ಲ. ಒಂದು ಭಾಷಣದ ಏಜೆನ್ಸಿ ಅವರ ಮಾತಿನಿಂದ 2,500 ಡಾಲರ್ ಗಳಿಸಿ ಕೈಗೆ 200 ಇಟ್ಟಿತು. 1895ರಲ್ಲಿ ನ್ಯೂಯಾರ್ಕಿನ ಬಾಡಿಗೆ ಕೋಣೆಯಲ್ಲಿ ಪುಕ್ಕಟೆ ಪಾಠ ಹೇಳುತ್ತಾ, ತಾವೂ ಒಬ್ಬ ಶಿಷ್ಯರೂ ಸೇರಿ ಅನ್ನವನ್ನೋ ಬೇಳೆಯನ್ನೋ ಬೇಯಿಸಿಕೊಂಡು ತಿನ್ನುತ್ತಿದ್ದರು.

ನಮ್ಮ ಮಕ್ಕಳಿಗೆ ನಾವು ಸಿಂಹವನ್ನು ಮಾತ್ರ ತೋರಿಸಿದ್ದೇವೆ. ಹಾಗಾಗಿ ಪರದೇಶದಲ್ಲಿ ಕಷ್ಟ ಬಂದರೆ, ತಪ್ಪು ತಮ್ಮದೇ ಇರಬೇಕು ಅಂದುಕೊಂಡು ಬಾಯಿ ಮುಚ್ಚಿಕೊಳ್ಳುತ್ತಾರೆ. ಮುಂದಿನ ಜನವರಿ 12ಕ್ಕೆ ಯಾರಾದರೂ ಆ ಆಗಸ್ಟಿನ ಕಾಗದ ಓದಿಸಿ. ರುಮಾಲು ಬೇಕಾಗಿಲ್ಲ.

ನಾನು ಆ ಕಾಗದದ ಫೋಟೋ ತೆಗೆದು ಹುಡುಗನಿಗೆ ಕಳಿಸಿದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ನಸುಕಿನಲ್ಲಿ ಫೋನ್ ಬಂತು. "ಕಾಕಾ, ಅವ್ವಗ ಹೇಳಬ್ಯಾಡ್ರಿ. ಈ ತಿಂಗಳ ಬಾಡಿಗಿ ಕಡಿಮಿ ಬಿದ್ದೈತಿ."

ಎಷ್ಟು ಅಂತ ಕೇಳಿದೆ, ಹೇಳಿದ. ಆಮೇಲೆ ಕ್ಯಾಮೆರಾ ತಿರುಗಿಸಿದ. ನಾಲ್ಕು ಹಾಸಿಗೆ, ಹಗ್ಗದ ಮೇಲೆ ಒಣ ಹಾಕಿದ ಬಟ್ಟೆ, ಮೂಲೆಯಲ್ಲಿ ಒಂದು ಕುಕ್ಕರ್.

"ಏನ್ ಅಡಿಗಿ ಇವತ್ತ?" ಅಂದೆ.

"ಅನ್ನ, ಬ್ಯಾಳಿ" ಅಂದ.